ಬಾಣಂತಿ ಕೋಣೆಗೆ ಹೊಸ ಬಣ್ಣ

ನನ್ನ ವಾರಗಿತ್ತಿಯ ಮೂಗು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಯಾಕೆ, ಮೊದಲೇ ಹೇಳಿಬಿಡುತ್ತೇನೆ. ಅವಳ ಬಂಗಾರ, ಸೀರೆ, ಮೈಬಣ್ಣ ಯಾವುದರ ಮೇಲೂ ನನ್ನ ಕಣ್ಣಿಲ್ಲ. ಬಂಗಾರ ನನ್ನ ಹತ್ತಿರವೇ ಒಂದು ಗುಲಗಂಜಿ ಹೆಚ್ಚಿದ್ದೀತು. ಆದರೆ ಆ ಮೂಗು ಇದೆಯಲ್ಲ, ಅದು ಏನು ಬೇಕಾದರೂ ತಡೆದುಕೊಳ್ಳುತ್ತದೆ. ಬೆಳಿಗ್ಗೆ ಎದ್ದು ಫಿನಾಯಿಲ್ ಹಾಕಿ ನೆಲ ಒರೆಸುತ್ತಾಳೆ, ಅದರ ಮೇಲೆ ಊದಿನಕಡ್ಡಿ ಹಚ್ಚುತ್ತಾಳೆ, ಮುಖಕ್ಕೆ ಪೌಡರ್ ಬಡಿದುಕೊಂಡು, ಸೀರೆಗೆ ಸೆಂಟು ಹೊಡೆದುಕೊಂಡು ಮಾರ್ಕೆಟ್ಟಿಗೆ ಹೊರಡುತ್ತಾಳೆ. ನಾನು ಕೆಳಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಗಳನ್ನೆಲ್ಲ ತೆರೆದಿಟ್ಟುಕೊಂಡು, ಅವಳು ಮೆಟ್ಟಿಲಿಳಿದು ಗೇಟು ದಾಟುವ ತನಕ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತಿರುತ್ತೇನೆ.

ಅವಳು ನನ್ನ ಮೈದುನನ ಹೆಂಡತಿ. ಅಣ್ಣ ತಮ್ಮ ಇಬ್ಬರದೂ ಸೇರಿ ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಮನೆ ಮಾತ್ರ ಹೊಸಪೇಟೆಯಲ್ಲಿ, ಸಂಡೂರು ರಸ್ತೆಯ ಅಂಚಿಗೆ. ಕೆಳಗೆ ನಾವು, ಮೇಲೆ ಅವರು, ನಡುವೆ ಮೆಟ್ಟಿಲು ಹತ್ತಿಳಿಯುತ್ತ ಎರಡೂ ಕಡೆಯ ಸುದ್ದಿ ಹೊರುವ ನಮ್ಮ ಅತ್ತೆ.

ನನಗಿರುವ ಕಾಯಿಲೆಗೆ ನಮ್ಮ ಕಡೆ ಹೆಸರಿಲ್ಲ. ಗಂಡ ಅದನ್ನು ಅಲರ್ಜಿ ಎನ್ನುತ್ತಾರೆ, ಓಣಿಯವರು ವಾಸನೆ ರೋಗ ಎನ್ನುತ್ತಾರೆ, ಅತ್ತೆ ನಖರಾ ಎನ್ನುತ್ತಾರೆ. ಪೇಂಟು, ಸೆಂಟು, ಫಿನಾಯಿಲ್, ಸೊಳ್ಳೆಬತ್ತಿ, ಬಟ್ಟೆ ಸೋಪಿನ ಪುಡಿ, ಹೊಸ ಸೀರೆಯ ಗಂಜಿ, ಇವುಗಳಲ್ಲಿ ಯಾವುದರ ಹತ್ತಿರವೂ ನಾನು ನಿಲ್ಲಲಾರೆ. ಮೊದಲು ನೆತ್ತಿ ಹಿಡಿಯುತ್ತದೆ. ಆಮೇಲೆ ಗಂಟಲು ಕಟ್ಟುತ್ತದೆ. ಆಮೇಲೆ ತಲೆಯೊಳಗೆ ಏನೋ ಕವಿದಂತಾಗಿ, ನಾಲಿಗೆ ತುದಿಯಲ್ಲಿರುವ ಮಾತೂ ಹೊರಡುವುದಿಲ್ಲ. ನನ್ನ ನಾಲಿಗೆಯ ಜೋರು ಫೋನಿನಲ್ಲಿ ನನ್ನ ಬರಹ ಓದುವವರಿಗೆಲ್ಲ ಗೊತ್ತು. ಅಂಥ ನಾಲಿಗೆಯನ್ನು ಒಂದು ಪೌಡರ್ ಡಬ್ಬಿ ಕಟ್ಟಿಹಾಕುತ್ತದೆ ಅಂದರೆ ಲೆಕ್ಕ ಹಾಕಿ.

ಈಗ ಬರೆಯುತ್ತಿರುವುದು ಮಗಳ ಬಾಣಂತನದ ವಿಷಯ. ನಮ್ಮಲ್ಲಿ ಮೊದಲ ಬಾಣಂತನ ತವರುಮನೆಯದು, ತಾಯಿಯ ಕೈಯದು. ನನಗಿರುವವಳು ಒಬ್ಬಳೇ ಮಗಳು. ಅವಳ ಕೂಸಿಗೆ ಎರೆಯುವ ಕೈ ನನ್ನದಾಗುತ್ತದೋ ವಾರಗಿತ್ತಿಯದಾಗುತ್ತದೋ ಎನ್ನುವ ಸಂಕಟದಲ್ಲೇ ನಾನು ತಿಂಗಳುಗಟ್ಟಲೆ ಬೆಂದೆ. ಕೊನೆಗೆ ನೋಡಿದರೆ, ಪ್ರಶ್ನೆ ಅದಕ್ಕಿಂತ ದೊಡ್ಡದಾಗಿ ಬಂದು ಮೆಟ್ಟಿಲ ಬುಡದಲ್ಲಿ ನಿಂತಿತ್ತು. ಅದನ್ನು ಹೇಳಬೇಕಾದರೆ ಈ ಕಾಯಿಲೆ ನನಗೆ ಎಲ್ಲಿ ಅಂಟಿತು ಎಂಬುದನ್ನು ಮೊದಲು ಹೇಳಬೇಕು.

ಅಂಟಿದ್ದು ಇದೇ ಮನೆಯಲ್ಲಿ, ಗೃಹಪ್ರವೇಶ ಆದಾಗ. ಅಯ್ನೋರು ಕೊಟ್ಟ ಮುಹೂರ್ತ ತಪ್ಪಿದರೆ ಮುಂದೆ ಆಷಾಢ, ಆಮೇಲೆ ಇನ್ನೇನೋ ಅಡ್ಡಿ. ಹಾಗಾಗಿ ಕೊನೆಯ ಕೆಲಸಗಳೆಲ್ಲ ಒಂದರ ಮೇಲೊಂದು ಬಿದ್ದವು. ಗೆದ್ದಲಿಗೆಂದು ನೆಲದಂಚಿಗೆಲ್ಲ ತೂತು ಕೊರೆದು ಔಷಧ ಹೊಯ್ದರು. ಅಡುಗೆಮನೆಯ ಪ್ಲೈವುಡ್ ಕಪಾಟುಗಳಿಗೆ ಅಂಟು ಹಚ್ಚಿದರು. ಬಾಗಿಲುಗಳಿಗೆ ಪಾಲಿಶು, ಗೋಡೆಗೆ ಪೇಂಟು. ಪಾಲಿಶ್ ಹಸಿ ಇರುವಾಗಲೇ ಅದರ ಮೇಲೆ ಕೆಂಪು ಧೂಳು ಕೂತುಬಿಟ್ಟಿತು. ಅದಿರಿನ ಲಾರಿಗಳು ಓಡುವ ರಸ್ತೆ ನಮ್ಮದು. ಕಿಟಕಿ ಒಂದು ಗಳಿಗೆ ತೆರೆದಿಟ್ಟರೆ ಒಣಹಾಕಿದ ಬಿಳಿ ಪಂಚೆ ಕಾವಿ ಬಟ್ಟೆಯಾಗುತ್ತದೆ. ಮೇಸ್ತ್ರಿ ಸಿಟ್ಟಿಗೆದ್ದು ಕಿಟಕಿಗಳನ್ನೆಲ್ಲ ಜಡಿದು, ಸಂದಿಗಳಿಗೆ ಪೇಪರ್ ಅಂಟಿಸಿ ಟೇಪ್ ಹಚ್ಚಿದ. ನಾವೂ ಅದನ್ನು ಕೀಳಲಿಲ್ಲ. ಈ ಊರಲ್ಲಿ ಕಿಟಕಿ ಮುಚ್ಚುವವಳೇ ಜಾಣೆ.

ಹಾಲು ಉಕ್ಕಿಸಿದ ಮೇಲೆ ನಮ್ಮ ಮನೆತನದಲ್ಲಿ ಒಂದು ರಿವಾಜಿದೆ. ಹೊಸ ಮನೆಗೆ ಮುಂದಿನ ಅಮಾವಾಸ್ಯೆ ತನಕ ಕೀಲಿ ಹಾಕಬಾರದು, ದೇವರ ಮುಂದಿನ ದೀಪ ಆರಬಾರದು. ದೀಪ ಕಾಯಬೇಕಾದವಳು ಹಿರಿಸೊಸೆ. ಅಂದರೆ ನಾನು. ಬೇಸಿಗೆ ರಜೆ ಎಂದು ಮಗಳು ಸಂಡೂರಿನಲ್ಲಿ ನನ್ನ ತವರಿಗೆ ಹೋಗಿದ್ದಳು. ಗಂಡ ಹಗಲೆಲ್ಲ ಗಿರಣಿಯಲ್ಲಿ, ರಾತ್ರಿ ಸೆಕೆ ಎಂದು ಮಾಳಿಗೆಯ ಮೇಲೆ. ನಾನು ಒಳಗೆ, ದೀಪದ ಮುಂದೆ ಚಾಪೆ ಹಾಸಿಕೊಂಡು, ಹಗಲೂ ಇರುಳೂ. ಕಿಟಕಿ ತೆರೆದರೆ ಧೂಳು ಬರುತ್ತದೆ, ಗಾಳಿ ಬಂದು ದೀಪ ಆರುತ್ತದೆ. ಹಾಗಾಗಿ ಟೇಪ್ ಟೇಪಾಗಿಯೇ ಇತ್ತು.

ಮೇಲಿನ ಮಹಡಿ ಇನ್ನೂ ಮುಗಿದಿರದ ಕಾರಣ ವಾರಗಿತ್ತಿ ಅತ್ತೆಯ ಜೊತೆ ಕಂಪ್ಲಿಯ ಬಾಡಿಗೆ ಮನೆಯಲ್ಲೇ ಇದ್ದಳು. ಆಗಾಗ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಬಂದವಳು ಹೊಸ್ತಿಲಲ್ಲಿ ನಿಂತು ಹೊಸ ಬಾಗಿಲನ್ನು ಸವರಿ ನೋಡುತ್ತಿದ್ದಳು.

"ಹುಟ್ಟಿದ್ರ ಹಿರೇಸೊಸಿ ಆಗಿ ಹುಟ್ಟಬೇಕ ನೋಡ್ರಿ ಅಕ್ಕಾ. ಹೊಸ ಮನಿ, ಹೊಸ ಬಾಗ್ಲ, ದೀಪಾ ಹಚ್ಚಾಕೂ ನೀವ. ನಾವು ಇನ್ನಾ ಆ ಗೂಡಿನ್ಯಾಗ."

"ನಿನ್ನ ಪಾಳಿನೂ ಬರ್ತೈತಿ ತಡಿ," ಎಂದಿದ್ದೆ. ಅವಳು ಕರುಬುತ್ತಿದ್ದಾಳೆ ಎಂದು ಒಳಗೊಳಗೇ ಹಿಗ್ಗಿದ್ದೂ ಹೌದು. ಆ ಹೊಸ ಮನೆಯ ವಾಸನೆ ನನಗೆ ಇಷ್ಟವಾಗಿತ್ತು. ಮೊದಲ ದಿನಗಳಲ್ಲಿ ಏನೆಂದರೆ ಏನೂ ಆಗಲಿಲ್ಲ. ಆಮೇಲೆ ಕಣ್ಣು ಉರಿಯತೊಡಗಿತು, ಬೆಳಿಗ್ಗೆ ಎದ್ದರೆ ತಲೆ ಕಲ್ಲಾಗಿರುತ್ತಿತ್ತು. ನಿದ್ದೆಗೆಟ್ಟಿದ್ದಕ್ಕೆ ಎಂದುಕೊಂಡೆ. ಅಮಾವಾಸ್ಯೆ ಬಂತು, ದೀಪದ ವ್ರತ ಮುಗಿಯಿತು. ತಲೆನೋವು ಮುಗಿಯಲಿಲ್ಲ.

ಆ ವಾಸನೆ ಹೋಗಿ ಎಷ್ಟೋ ಕಾಲವಾದ ಮೇಲೆ ಬೇರೆ ವಾಸನೆಗಳು ನನ್ನ ಮೇಲೆ ತಿರುಗಿಬಿದ್ದವು. ಅದೇ ವಿಚಿತ್ರ. ಮದುವೆಯಾದಾಗಿನಿಂದ ಹಚ್ಚಿಕೊಳ್ಳುತ್ತಿದ್ದ ಪೌಡರ್ ಒಂದು ದಿನ ಹಚ್ಚಿಕೊಂಡೆ, ಉಸಿರು ಕಟ್ಟಿತು. ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದವಳ ಸೆಂಟಿಗೆ ಕಣ್ಣು ಕತ್ತಲಾಗಿ, ನಡುದಾರಿಯಲ್ಲಿ ಇಳಿದು ಬಾಳೆತೋಟದ ಬದುವಿನ ಮೇಲೆ ಕೂತೆ. ಮದುವೆ ಮನೆಗಳು ಬಿಟ್ಟುಹೋದವು. ಬಟ್ಟೆ ಅಂಗಡಿಗಳು ಬಿಟ್ಟುಹೋದವು. ಹಂಪಿಗೆ ಹೋದರೂ ಗುಡಿಯೊಳಗೆ ಕರ್ಪೂರ, ನಾನು ಹೊರಗೆ ಕಲ್ಲಿನ ಮಂಟಪದಲ್ಲಿ. ವಾರಗಿತ್ತಿ ಒಳಗೆ ಹೋಗಿ ಎಲ್ಲರ ಪರವಾಗಿ ಕಾಯಿ ಒಡೆಸಿಕೊಂಡು, ಬೆವರಿ, ನಗುತ್ತ ಹೊರಬರುತ್ತಿದ್ದಳು. ಆ ಬೆವರು ಕಂಡೂ ನನಗೆ ಹೊಟ್ಟೆ ಉರಿಯುತ್ತಿತ್ತು. ಜನರ ನಡುವೆ ಒತ್ತಿ ನಿಂತವಳಿಗೆ ತಾನೇ ಬೆವರು ಬರುವುದು?

ಡಾಕ್ಟರುಗಳು ಹೇಳಿದ್ದು ಒಂದೇ ಮಾತು: ಧೂಳು. ಈ ಊರಲ್ಲಿ ಕೆಮ್ಮಿದರೆ ಧೂಳು, ಸೀನಿದರೆ ಧೂಳು, ಸೊಸೆ ಮುಖ ಊದಿಸಿಕೊಂಡರೂ ಧೂಳೇ.

"ಧೂಳಿನ್ಯಾಗ ಹುಟ್ಟಿ ಬೆಳದಾಕಿ ರೀ ನಾನು," ಎಂದೆ ಒಬ್ಬರಿಗೆ. "ಸಂಡೂರಿನಾಕಿ. ನಮ್ಮನ್ಯಾಗ ಕುಡಿಯೂ ನೀರಿನ ಕೊಡನೂ ಕೆಂಪಗ ಇರ್ತಿತ್ತು. ಅವಾಗ ಏನೂ ಆಗಲಿಲ್ಲಲ್ಲ?"

"ಆಗ ವಯಸ್ಸಿತ್ತಮ್ಮ," ಎಂದು ಚೀಟಿ ಹರಿದುಕೊಟ್ಟರು.

ಗಂಡ ಪಾಪ, ಹೆಂಡತಿಗೆ ಧೂಳು ಆಗುವುದಿಲ್ಲ ಎಂದು ಕಿಟಕಿಗಳ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿದರು. ಅತ್ತೆ ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ಒರೆಸಿಸಿದರು. ಮನೆಯವರು ಪ್ರೀತಿಯಿಂದ ನನ್ನನ್ನು ಇನ್ನಷ್ಟು ಬಿಗಿಯಾಗಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದರು.

ಇದನ್ನು ಬಿಚ್ಚಿ ಹೇಳಿದವರು ಹುಬ್ಬಳ್ಳಿಯ ಒಬ್ಬ ಡಾಕ್ಟರಮ್ಮ. ಮಗಳು ಅಲ್ಲಿ ಓದುತ್ತಿದ್ದಾಗ ಹಟ ಮಾಡಿ ಕರೆದೊಯ್ದಿದ್ದಳು. ಆಕೆ ಎದೆಗೆ ಕೊಳವೆ ಹಚ್ಚುವ ಮೊದಲು ಕೇಳಿದ್ದೇ ಬೇರೆ.

"ಇದು ಶುರು ಆಗೂಕಿಂತ ಮೊದಲ ಏನಾತು ಹೇಳ್ರಿ. ಮನಿ ಕಟ್ಟಿಸಿದ್ರೇನು? ಔಷಧ ಹೊಡಿಸಿದ್ರೇನು?"

ಅಷ್ಟು ವರ್ಷಗಳಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಗೆದ್ದಲ ಔಷಧ, ಪಾಲಿಶು, ದೀಪ, ಟೇಪು, ಎಲ್ಲ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು ಕೇಳಿದರು.

"ನೋಡ್ರಿ, ಕೆಲವರಿಗೆ ಹಿಂಗ ಆಗ್ತೈತಿ," ಎಂದರು. "ಒಂದ ಸಲ ದೊಡ್ಡ ಪೆಟ್ಟು ಬೀಳ್ತೈತಿ, ಇಲ್ಲಾ ಸಣ್ಣ ಪೆಟ್ಟು ಭಾಳ ದಿನ ಬೀಳ್ತೈತಿ. ಆಮ್ಯಾಲೆ ಮೈಗೆ ತಡಕೊಳ್ಳೂ ಶಕ್ತಿನ ಹೋಗಿಬಿಡ್ತೈತಿ. ಮೊದಲ ಏನೂ ಮಾಡದಿದ್ದ ಸೋಪು, ಪೌಡರ್, ಹೊಗಿ, ಅವೂ ತ್ರಾಸ ಕೊಡಾಕ ಶುರು ಮಾಡ್ತಾವ. ಇದನ್ನ ಎಲ್ಲಾ ಡಾಕ್ಟರೂ ಒಪ್ಪಂಗಿಲ್ಲ. ರಕ್ತ ತೆಗೆದು ತೋರ್ಸಾಕೂ ಬರಂಗಿಲ್ಲ. ಗುಳಿಗಿ ಅಂತೂ ಇಲ್ಲ. ಕಿಟಕಿ ತಗೀರಿ, ಘಾಟು ವಾಸನಿ ಇರೂದನ್ನೆಲ್ಲ ಮನಿಯಿಂದ ಹೊರಗ ಹಾಕ್ರಿ, ನೋಡೂಣು."

"ಅದ ಮನ್ಯಾಗ ನನ್ನ ವಾರಗಿತ್ತಿನೂ ಅದಾಳ್ರಿ. ಆಕಿಗ್ಯಾಕ ಆಗಲಿಲ್ಲ?"

ಡಾಕ್ಟರಮ್ಮ ನಕ್ಕುಬಿಟ್ಟರು. "ಇದನ್ನ ಕೇಳಾಕ ಹುಬ್ಬಳ್ಳಿ ತನಕ ಬಂದ್ರೇನು? ಆಕಿ ಬಂದಿದ್ದು ವಾಸನಿ ಆರಿದ ಮ್ಯಾಲಲ್ಲ? ಇಲ್ಲಾ ಆಕಿ ಮೈನ ಬ್ಯಾರೆ ಇರಬಹುದು. ಒಬ್ಬರಿಗೆ ಆಗ್ತೈತಿ, ಒಬ್ಬರಿಗೆ ಇಲ್ಲ. ಯಾರಿಗೆ ಅಂತ ಮೊದಲ ಹೇಳಾಕ ಬರೂದಿಲ್ಲ."

ಮನೆಗೆ ಬಂದು ಹಿಂದಿನ ಕೋಣೆಯ ರಬ್ಬರ್ ಪಟ್ಟಿ ಕಿತ್ತೆಸೆದೆ. ಕಪಾಟು, ಪರದೆ, ಹೊಸ ಗಾದಿ ಹೊರಗೆ. ಒಂದು ಕಬ್ಬಿಣದ ಮಂಚ, ತೊಳೆದು ತೊಳೆದು ಬಣ್ಣಗೆಟ್ಟ ಕೌದಿ, ಅಷ್ಟೇ. ಧೂಳು ಬರುತ್ತದೆ, ಬರೀ ನೀರಿನ ಬಟ್ಟೆಯಿಂದ ಒರೆಸುತ್ತೇನೆ, ಮತ್ತೆ ಬರುತ್ತದೆ. ಆದರೆ ಆ ಕೋಣೆಯಲ್ಲಿ ನನ್ನ ತಲೆ ನನ್ನದಾಗಿರುತ್ತದೆ. ಬಾಗಿಲು ದಾಟಿದರೆ ಅಲ್ಲ.

ಇಂಥದ್ದರಲ್ಲಿ ಮಗಳು ಬಸುರಿ ಎಂದು ಗಂಗಾವತಿಯಿಂದ, ಅವಳ ಗಂಡನ ಮನೆಯಿಂದ, ಫೋನು ಬಂತು. ಸಂತೋಷದ ಹಿಂದೆಯೇ ಲೆಕ್ಕ ಹಾಕತೊಡಗಿದೆ. ಬಾಣಂತಿ ಕೋಣೆ ಎಂದರೆ ಏನು? ಕಿಟಕಿ ಮುಚ್ಚಬೇಕು, ಗಾಳಿ ತಾಗಬಾರದು, ಕಿವಿಗೆ ಬಟ್ಟೆ ಕಟ್ಟಬೇಕು. ಕೂಸಿಗೆ ಎರೆದು ಕೆಂಡದ ಮೇಲೆ ಲೋಬಾನ, ಅಜವಾನ ಹಾಕಿ ಹೊಗೆ ಹಿಡಿಯಬೇಕು. ನಾನು ಬದುಕಿರುವುದು ತೆರೆದ ಕಿಟಕಿಯಿಂದ. ತೆರೆದ ಕಿಟಕಿಯ ಕೋಣೆಯಲ್ಲಿ ಬಾಣಂತಿಯನ್ನು ಇಡಲು ಅತ್ತೆ ಬಿಡುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ನಾನು ಇರಲಾರೆ.

ಅತ್ತೆ ಒಂದೇ ಮಾತಿನಲ್ಲಿ ತೀರ್ಮಾನಿಸಿದರು. "ಮ್ಯಾಲೆ ಆಗಲಿ. ಸಣ್ಣಾಕಿ ಮಾಡ್ತಾಳ. ನೀನು ಇದ್ದ ಇದ್ದಂಗ ಬಿದ್ದರ ಕೂಸಿನ್ನ ಯಾರು ಹಿಡೀತಾರ?"

ನಿಜವೇ. ನಿಜ ಅಂದಮಾತ್ರಕ್ಕೆ ಸಹಿಸಿಕೊಳ್ಳಬೇಕೆಂದಿದೆಯೇ?

ಕುಬುಸದ ದಿನ, ಅಂದರೆ ಸೀಮಂತಕ್ಕೆ, ನನ್ನ ಮಗಳಿಗೆ ಹಸಿರು ಸೀರೆ ಉಡಿಸಿದವಳು ವಾರಗಿತ್ತಿ. ಬಳೆ ಇಡಿಸಿದವಳು ವಾರಗಿತ್ತಿ. ಅವಳಿಗಿರುವುದು ಒಬ್ಬ ಮಗ, ಹೆಣ್ಣುಮಕ್ಕಳ ಆಸೆ ಬಹಳ. ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಿಟಕಿಯಿಂದ ನೋಡಿದೆ. ಒಳಗಿನಿಂದ ಯಾರೋ ಸಂಬಂಧಿಕಳು ಕೇಳಿದ್ದು ಕೇಳಿಸಿತು.

"ಹುಡುಗಿ ತಾಯಿ ಎಲ್ಲಿ?"

"ಹೊರಗ ಅದಾರ್ರಿ. ಅವರಿಗೆ ನಾವು ಯಾರೂ ಆಗಂಗಿಲ್ಲ," ಎಂದಳು ಇನ್ನೊಬ್ಬಳು. ನಗು.

ಹೆರಿಗೆ ಆಸ್ಪತ್ರೆಯಲ್ಲೂ ಅದೇ ಕಥೆ. ಒಳಗೆಲ್ಲ ಫಿನಾಯಿಲ್, ನಾನು ಆವರಣದ ಬೇವಿನ ಮರದ ಕೆಳಗೆ. ಮೊಮ್ಮಗಳ ಮುಖವನ್ನು ನಾನು ಮೊದಲು ನೋಡಿದ್ದು ವಾರಗಿತ್ತಿ ಆಸ್ಪತ್ರೆಯ ಒಳಗಿನಿಂದ ಮಾಡಿದ ವಿಡಿಯೋ ಕಾಲಿನಲ್ಲಿ. ಕೂಸಿನ ಮುಖಕ್ಕಿಂತ ದೊಡ್ಡದಾಗಿ ಅವಳ ಮುಖವೇ ಕಾಣುತ್ತಿತ್ತು.

"ಅಕ್ಕಾ, ನಿಮ್ಮ ಹಣಿ ನೋಡ್ರಿ ಇದಕ್ಕ, ಹಂಗ ಐತಿ."

"ನೀ ಒಂಚೂರು ಸರದ್ರ ನೋಡ್ತೀನಿ," ಎಂದೆ.

ಆಸ್ಪತ್ರೆಯಿಂದ ಬಿಡುವ ಮೊದಲು ಒಂದು ಮಧ್ಯಾಹ್ನ ನಾನು ಮನೆಯಲ್ಲಿ ಒಬ್ಬಳೇ ಇದ್ದೆ. ಕೋಣೆಯಲ್ಲಿ ಕೂತವಳಿಗೆ ನೆತ್ತಿ ಹಿಡಿಯಿತು. ಇದು ಪೌಡರ್ ಅಲ್ಲ, ಸೊಳ್ಳೆಬತ್ತಿ ಅಲ್ಲ. ಇದು ಗೃಹಪ್ರವೇಶದ ದಿನಗಳ ಅದೇ ವಾಸನೆ. ಹಿತ್ತಲಿಗೆ ಓಡಿ ಮೇಲೆ ನೋಡಿದರೆ, ಮೇಲ್ಮನೆಯ ಖಾಲಿ ಕೋಣೆಗೆ ಪೇಂಟರು ಬಂದಿದ್ದರು. ಸೆರಗನ್ನು ಮೂಗಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿ ಬಾಗಿಲಿನಿಂದ ಇಣುಕಿದೆ.

ಮೊದಲೆಲ್ಲ ಬಾಣಂತಿ ಬರುವ ಮುಂಚೆ ಕೋಣೆಗೆ ಸುಣ್ಣ ಹೊಡೆಯುವ ಪದ್ಧತಿ. ಅತ್ತೆ ಅದನ್ನು ನೆನಪಿಸಿದ್ದರು. ಮೈದುನ ಉಮೇದಿನಲ್ಲಿ ಸುಣ್ಣ ಯಾಕೆ ಎಂದು ಗುಲಾಬಿ ಬಣ್ಣ ತರಿಸಿದ್ದ. ಎಣ್ಣೆಕೈ ತಾಗಿದರೆ ಒರೆಸಲು ಬರಲಿ ಎಂದು ಎದೆಯೆತ್ತರದ ತನಕ ಆಯಿಲ್ ಪೇಂಟು. ಹೊಸ ಪ್ಲೈವುಡ್ ಕಪಾಟು, ಹೊಸ ಗಾದಿ, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ. ಧೂಳು ಕೂರಬಾರದೆಂದು, ಆಮೇಲೆ ಬಾಣಂತಿಗೆ ಗಾಳಿ ತಾಗಬಾರದೆಂದು, ಕಿಟಕಿಯ ಸಂದಿಗೆ ಟೇಪು.

ಆ ಟೇಪನ್ನೇ ನೋಡುತ್ತ ನಿಂತೆ. ಹಾಲುಕೂಸು ತಿಂಗಳುಗಟ್ಟಲೆ ಹಗಲೂ ಇರುಳೂ ಅದರೊಳಗೆ.

ಸಂಜೆ ಮೈದುನ ಬಂದಾಗ ಗೇಟಿನಲ್ಲೇ ತಡೆದು ಹೇಳಿದೆ.

"ಅತ್ತಿಗಿ, ಎರಡ ದಿನ ಫ್ಯಾನ್ ಹಾಕಿ ಬಿಡ್ತೀನಿ. ಆಮ್ಯಾಲೆ ಲೋಬಾನ ಹಾಕಿದ್ರ ಎಲ್ಲಾ ವಾಸನಿ ಹೋಗ್ತೈತಿ," ಎಂದ.

"ವಾಸನಿ ಮುಚ್ಚಿಕೊಳ್ತೈತೋ, ಹೋಗಂಗಿಲ್ಲೋ."

"ಆತ ಬಿಡ್ರಿ," ಎಂದು ನಗುತ್ತ ಮೆಟ್ಟಿಲು ಹತ್ತಿದ. ಮೇಲೆ ಅವನು ಅವ್ವನಿಗೆ ಹೇಳುತ್ತಿದ್ದುದು ಕೇಳಿತು. ಅತ್ತೆಯ ಉತ್ತರವೂ ಕೇಳಿತು. ಅವರ ದನಿ ಕೇಳಲೆಂದೇ ಇರುತ್ತದೆ.

"ಹೊಟ್ಟಿಕಿಚ್ಚಪ್ಪಾ ಅದು. ತನ್ನ ಕೈಯಾಗ ಆಗಲಿಲ್ಲ, ಆಗೋರಿಗೆ ಬಿಡವಲ್ಲಳು."

ರಾತ್ರಿ ಗಂಡನಿಗೆ ಹೇಳಿದೆ. ಅವರು, "ನಿನಗ ಆದದ್ದು ಎಲ್ಲಾರಿಗೂ ಆಗಬೇಕಂತ ಇಲ್ಲಲ್ಲ," ಎಂದರು. ಡಾಕ್ಟರಮ್ಮನೂ ಅದನ್ನೇ ಹೇಳಿದ್ದರು. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಹೇಳಲು ಬರುವುದಿಲ್ಲ ಅಂದರೆ ಏನೂ ಆಗದಿರಬಹುದು. ಆಗಲೂಬಹುದು. ಕೂಸು ಜೂಜಿಗೆ ಇಡುವ ವಸ್ತುವೇ?

ಆದರೆ ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ. ಅದೇ ದೊಡ್ಡ ಫಜೀತಿ. ಮಲಗಿದಲ್ಲೇ ನನ್ನನ್ನು ನಾನೇ ಕೇಳಿಕೊಂಡೆ. ಆ ಕೋಣೆ ವಾರಗಿತ್ತಿಯದಲ್ಲದೆ ನನ್ನದಾಗಿದ್ದರೆ ಇಷ್ಟು ಕೂಗಾಡುತ್ತಿದ್ದೆನೇ? ಕೋಣೆ ಕೆಟ್ಟು ಮಗಳು ಕೆಳಗೆ ಬರಲಿ ಎಂಬ ಆಸೆ ಎಲ್ಲೋ ಒಂದು ಮೂಲೆಯಲ್ಲಿ ಕೂತು ಮಾತಾಡಿಸುತ್ತಿದೆಯೇ? ಕೂತಿತ್ತು. ಇಲ್ಲ ಎಂದು ಹೇಗೆ ಹೇಳಲಿ.

ಆಸ್ಪತ್ರೆಯಿಂದ ಅಳಿಯನ ಕಾರು ಬಂತು. ಮಗಳು ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು, ಹೊಲಿಗೆಯ ನೋವಿಗೆ ನಡು ಬಾಗಿಸಿಕೊಂಡು ಇಳಿದಳು. ಕೂಸು ವಾರಗಿತ್ತಿಯ ತೋಳಿನಲ್ಲಿ. ಅತ್ತೆ ಕೆಂಪು ನೀರು ನಿವಾಳಿಸಿ ಚೆಲ್ಲಿದರು. ಎಲ್ಲರೂ ಮೆಟ್ಟಿಲಿಗೆ ಬಂದರು. ನಾನು ಮೊದಲ ಮೆಟ್ಟಿಲ ಮೇಲೆ ಅಡ್ಡ ನಿಂತಿದ್ದೆ.

"ಮ್ಯಾಲೆ ಆ ಕೋಣ್ಯಾಗ ಕರಕೊಂಡು ಹೋಗಬ್ಯಾಡ್ರಿ," ಎಂದೆ.

"ಸರಿ ಅತ್ತಾಗ," ಎಂದರು ಅತ್ತೆ. "ಹಸೇ ಬಾಣಂತಿನ್ನ ಬಿಸಿಲಾಗ ನಿಂದ್ರಸ್ತೀಯೇನು?"

"ಕೋಣಿ ಹಸಿ ಐತ್ರಿ ಅತ್ತಿ. ಬಣ್ಣ ಆರಿಲ್ಲ. ಟೇಪ್ ಹಚ್ಚಿ ಮುಚ್ಚ್ಯಾರ. ನಾನು ಹಿಂಗ ಆಗಿದ್ದು ಹಂಗ."

ವಾರಗಿತ್ತಿಯ ಮುಖ ಇಳಿಯಿತು. "ಅಕ್ಕಾ, ನಾನ ಅಂಗಡಿಗೆ ಹೋಗಿ ಬಣ್ಣ ಆಯ್ಕೊಂಡು ಬಂದೀನ್ರಿ. ನಮ್ಮನಿ ಕೂಸು ಅಂತ ಮಾಡ್ಸೀವಿ. ವಾಸನಿ ಏನೂ ಇಲ್ಲ ಈಗ, ಬೆಳಿಗ್ಗಿನ ಲೋಬಾನ ಹಾಕೀನಿ."

"ನಿನ್ನ ಮೂಗಿಗೆ ಸತ್ತ ಇಲಿ ವಾಸನಿನೂ ಬರಂಗಿಲ್ಲ," ಎಂದೆ. ಬಾಯಿಗೆ ಬಂದುಬಿಟ್ಟಿತು. "ನಿನಗ ಹೆಣ್ಣುಕೂಸ ಬೇಕಾಗಿತ್ತು, ಸಿಕ್ಕೈತಿ. ಅದು ಉಸಿರಾಡಿದ್ರೇನು ಬಿಟ್ರೇನು."

ಕೂಸು ಸಣ್ಣಗೆ ಮುಲುಗಿತು. ಮಗಳು ಕಂಬಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳು ನನ್ನ ಜೊತೆ ಹುಬ್ಬಳ್ಳಿಗೆ ಬಂದವಳು, ಡಾಕ್ಟರಮ್ಮನ ಮಾತು ಕೇಳಿದವಳು. ನನ್ನ ನಾಲಿಗೆಯನ್ನೂ ಹುಟ್ಟಿದಾಗಿನಿಂದ ಕೇಳಿದವಳು.

"ಅವ್ವಾ, ಖರೇ ಹೇಳು. ಚಿಗವ್ವನ ಮ್ಯಾಲಿನ ಹೊಟ್ಟಿಕಿಚ್ಚಿಗೆ ಹೇಳಾಕತ್ತೀಯೋ, ಕೋಣಿ ಸರಿ ಇಲ್ಲಂತ ಹೇಳಾಕತ್ತೀಯೋ?"

ಎಲ್ಲರೂ ನನ್ನ ಬಾಯಿ ನೋಡಿದರು. ಕೋಣೆ ಎಂದು ಹೇಳಿದರೆ ಗೆಲ್ಲುತ್ತಿದ್ದೆನೋ ಏನೋ. ಆದರೆ ಅವಳಿಗೆ ಸುಳ್ಳು ಹೇಳಿದರೆ ತಕ್ಷಣ ಗೊತ್ತಾಗುತ್ತದೆ, ಆಮೇಲೆ ಕೋಣೆಯ ಮಾತೂ ಸುಳ್ಳಾಗುತ್ತದೆ.

"ಎರಡೂ," ಎಂದೆ. "ಹೊಟ್ಟಿಕಿಚ್ಚು ಐತಿ. ಕೋಣಿನೂ ಸರಿ ಇಲ್ಲ."

ಅತ್ತೆ ಹಣೆ ಚಚ್ಚಿಕೊಂಡರು. ಮೈದುನ ಕೆಳಗೆ ನೋಡಿದ. ವಾರಗಿತ್ತಿ ಕೂಸನ್ನು ಮಗಳ ಗಂಡನ ಕೈಗೆ ಕೊಟ್ಟು, ನನ್ನನ್ನು ಸವರಿಕೊಂಡೇ ಮೇಲೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಒಳಗೆ ಹೋಗಿ ಕೂತು ಅಳುತ್ತಿದ್ದಾಳೆ ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಇಳಿದು ಬಂದಳು. ಅತ್ತಿರಲಿಲ್ಲ.

"ಆ ಕೋಣ್ಯಾಗ ಬಾಗ್ಲ ಹಾಕ್ಕೊಂಡು ಕುಂತಿದ್ದೆ," ಎಂದಳು, ನನಗಲ್ಲ, ಮಗಳಿಗೆ. "ನನಗೇನೂ ಆಗಲಿಲ್ಲ. ಸುಳ್ಳ್ಯಾಕ ಹೇಳ್ಲಿ. ಆದ್ರ ನಿಮ್ಮವ್ವಗೂ ಮೊದಮೊದಲ ಏನೂ ಆಗಿದ್ದಿಲ್ಲ. ನಾನ ಬುತ್ತಿ ತಗೊಂಡ ಬರ್ತಿದ್ದೆ, ನೋಡೀನಿ. ನಕ್ಕೋಂತ ಕುಂತಿರ್ತಿದ್ರು ದೀಪದ ಮುಂದ."

ಆಮೇಲೆ ಗಂಡನ ಕಡೆ ತಿರುಗಿದಳು. "ಆ ಟೇಪ್ ಕಿತ್ತ ಹಾಕ್ರಿ. ಕಿಟಕಿ ತಗೀರಿ. ಧೂಳ ಕುಂತ್ರ ಕುಂದ್ರಲಿ."

"ಮತ್ತ ಬಾಣಂತಿ ಎಲ್ಲಿ?" ಎಂದರು ಅತ್ತೆ.

ಕೆಳಗೆ ಎನ್ನುತ್ತಾರೆ, ಈಗ ಕೆಳಗೆ ಎನ್ನುತ್ತಾರೆ ಎಂದು ನಾನು ಕಾದೆ.

"ನನ್ನ ಕೋಣ್ಯಾಗ," ಎಂದಳು ವಾರಗಿತ್ತಿ. "ಹಳೇ ಮಂಚ, ಹಳೇ ಗ್ವಾಡಿ. ನಮ್ಮನಿಯವರು ಹಾಲ್‌ನ್ಯಾಗ ಮಲಗ್ತಾರ. ನಾ ಕೂಸಿನ ಬಾಜೂಕ ಮಲಗ್ತೀನಿ."

ಮಗಳು ತಲೆಯಾಡಿಸಿದಳು. ನಾನು ಮೆಟ್ಟಿಲು ಬಿಟ್ಟು ಸರಿದೆ. ಗೆದ್ದೆನೋ ಸೋತೆನೋ ನನಗೆ ಇಂದಿಗೂ ಗೊತ್ತಾಗಿಲ್ಲ. ಕೂಸು ಆ ಕೋಣೆಗೆ ಹೋಗಲಿಲ್ಲ. ಬದಲಿಗೆ ವಾರಗಿತ್ತಿಯ ಮಗ್ಗುಲಿಗೇ ಹೋಯಿತು. ನನ್ನ ಬಾಯಿಂದಲೇ.

ಆ ಗುಲಾಬಿ ಕೋಣೆಯಿಂದ ಆ ಕೂಸಿಗೆ ಏನಾದರೂ ಆಗುತ್ತಿತ್ತೇ? ನನಗೆ ಗೊತ್ತಿಲ್ಲ. ಆಗದಿರುವುದನ್ನು ಯಾರಿಗೂ ತೋರಿಸಲು ಬರುವುದಿಲ್ಲ. ಅದಕ್ಕೇ ಅತ್ತೆ ಇವತ್ತಿಗೂ "ಬಂಗಾರದಂಥಾ ಕೋಣಿ ಧೂಳಿಗೆ ಕೊಟ್ಳು" ಎಂದೇ ಹೇಳುತ್ತಾರೆ. ಹೇಳಲಿ.

ಕೂಸಿನ ಕಣ್ಣು ಒಂಚೂರು ಹಳದಿಯಾಗಿದೆ, ಡಾಕ್ಟರು ಎಳೆಬಿಸಿಲಿಗೆ ಹಿಡಿಯಲು ಹೇಳಿದ್ದಾರೆ ಎಂದು ಮಗಳೇ ಒಂದು ಬೆಳಿಗ್ಗೆ ಸುದ್ದಿ ಕಳಿಸಿದಳು. "ಅವ್ವಾ, ಮಾಳಿಗಿ ಮ್ಯಾಲೆ ಬಾ. ಇನ್ನಾ ಎರದಿಲ್ಲ, ಪೌಡರ್ ಹಚ್ಚಿಲ್ಲ, ಹೊಗಿ ಹಾಕಿಲ್ಲ."

ಹೊರಗಿನ ಮೆಟ್ಟಿಲಿಂದ ಹತ್ತಿದೆ. ಮಾಳಿಗೆಯನ್ನು ಯಾರೋ ನೀರು ಹಾಕಿ ತೊಳೆದಿದ್ದರು, ಧೂಳಿನ ಕೆಂಪು ಮೂಲೆಗೆ ಹರಿದು ನಿಂತಿತ್ತು. ಕಾಲು ಚಾಚಿ ಕೂತೆ. ಮಗಳು ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿದಳು. ಬಗ್ಗಿ ಮೂಸಿದೆ. ಹೆದರುತ್ತಲೇ ಮೂಸಿದೆ. ಹಾಲು, ಒಂಚೂರು ಉಚ್ಚೆ, ಮತ್ತೆ ಏನೋ ಬೆಚ್ಚಗಿನದು. ನೆತ್ತಿ ಹಿಡಿಯಲಿಲ್ಲ. ಗಂಟಲು ಕಟ್ಟಲಿಲ್ಲ. ಆ ವಾಸನೆಯ ಬಗ್ಗೆ ನಾನು ಬೇರೇನೂ ಬರೆಯುವುದಿಲ್ಲ. ಅದು ನನ್ನದು.

ಅಂದಿನಿಂದ ದಿನಾ ಬೆಳಿಗ್ಗೆ ಅಷ್ಟು ಹೊತ್ತು ನನ್ನದು. ಉಳಿದ ಇಡೀ ದಿನ ಅವಳದು. ಎರೆಯುವುದು ಅವಳು, ಜೋಗುಳ ಅವಳು, ಹೊಗೆ ಅವಳು. ಅತ್ತೆಯ ಜೊತೆ ಜಗಳಾಡಿ ಮಗಳು ಆ ಹೊಗೆಯನ್ನು ಒಂದು ಚಿಟಿಕೆಗೆ ಇಳಿಸಿದ್ದಾಳೆ. ನನ್ನ ಹೊಟ್ಟೆಕಿಚ್ಚು ಏನೂ ಕಡಿಮೆಯಾಗಿಲ್ಲ. ಹೆಚ್ಚೇ ಆಗಿದೆ. ಮೊದಲು ಅವಳ ಮೂಗೊಂದೇ ಇತ್ತು, ಈಗ ಇಡೀ ದಿನವಿದೆ. ಮೇಲಿನಿಂದ ಕೂಸಿನ ಅಳು ಕೇಳುತ್ತದೆ, ಅವಳ "ಉಳ್ಳುಳ್ಳಾಯಿ" ಕೇಳುತ್ತದೆ, ಅಳು ನಿಲ್ಲುತ್ತದೆ. ಅಷ್ಟು ಬೇಗ ಯಾಕೆ ನಿಲ್ಲಬೇಕು ಅನಿಸುತ್ತದೆ ನನಗೆ.

ಇವತ್ತು ಬೆಳಿಗ್ಗೆ ಮಗಳಿಗೆ ಮೈ ಸರಿಯಿರಲಿಲ್ಲ. ಕೂಸನ್ನು ಎತ್ತಿಕೊಂಡು ಬಂದವಳು ವಾರಗಿತ್ತಿ. ಕಾಲ ಮೇಲೆ ಮಲಗಿಸಿ ದೂರ ಹೋಗಿ, ಆಚೆ ಗೋಡೆಯ ಹತ್ತಿರ ನಿಂತಳು. ತನ್ನ ಪೌಡರಿನ ವಾಸನೆ ನನಗೆ ತಾಗದಂತೆ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿ ನಿಂತಳು ಎನ್ನುವುದು ನನಗೆ ಆಮೇಲೆ ಹೊಳೆಯಿತು. ಮೆಟ್ಟಿಲ ಮೇಲಿನ ಮಾತಿನ ನಂತರ ನಾವಿಬ್ಬರೇ ಇದ್ದದ್ದು ಇದೇ ಮೊದಲು.

"ರಾತ್ರಿ ಮಲಗಿತ್ತೇನು?" ಎಂದೆ.

"ಎಲ್ಲಿ ಮಲಗ್ತೈತ್ರಿ. ಹೊಟ್ಟಿ ಉಬ್ಬರ. ನನ್ನ ಹೊಟ್ಟಿ ಮ್ಯಾಲೆ ಹಾಕ್ಕೊಂಡ ಕುಂತಿದ್ದೆ."

"ನಿನ್ನ ಹೊಟ್ಟಿ ಮ್ಯಾಲೆ ಆದ್ರ ಮಲಗ್ತೈತೇನು?"

"ಹ್ಞೂಂ."

ಲಾರಿಯೊಂದು ಕೆಳಗೆ ಗುಡುಗುತ್ತ ಹೋಯಿತು. ಇಬ್ಬರೂ ಒಟ್ಟಿಗೇ ಕೂಸಿನ ಮುಖಕ್ಕೆ ಸೆರಗು ಅಡ್ಡ ಹಿಡಿಯಲು ಹೋದೆವು. ಅವಳು ನಡುದಾರಿಯಲ್ಲಿ ನಿಂತು, ತನ್ನ ಸೆರಗನ್ನು ಹಿಂದಕ್ಕೆ ಎಳೆದುಕೊಂಡಳು.

"ಅಕ್ಕಾ, ಬಿಸಲ ಏರಾಕತ್ತೈತಿ. ಕೊಡ್ರಿ."

"ಇನ್ನಾ ಒಂಚೂರು ಇರ್ಲಿ."

"ಕೂಸಿನ ಕೆನ್ನಿ ನೋಡ್ರಿ, ಕೆಂಪಗಾಗ್ಯಾವ."

ಆಗಿದ್ದವು. ಕೊಟ್ಟೆ. ಅವಳ ಭುಜಕ್ಕೆ ಹೋದ ಕೂಡಲೇ ಕೂಸು ಕಣ್ಣು ಮುಚ್ಚಿತು. ಅವಳು ಇಳಿದುಹೋದ ಮೇಲೂ ನಾನು ಕಾಲು ಚಾಚಿಕೊಂಡೇ ಕೂತಿದ್ದೆ, ಕಾಲಿನ ಮೇಲಿನ ಬೆಚ್ಚಗಿನ ಜಾಗ ಆರುವ ತನಕ.